ನಾನೂರ ಹನ್ನೆರಡು ಮನೆಗಳ ಪಟ್ಟಿ

ಕೆಲಮಂಗಲ
3-7-1989

ವರಲಕ್ಷ್ಮಿ,

ನನ್ನ ಕೈಯಲ್ಲಿ ಕಾಗದ ಬರೆಸುವ ಧೈರ್ಯ ಇದುವರೆಗೆ ಯಾರೂ ಮಾಡಿರಲಿಲ್ಲ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಕಿತ್ತು ಮುರಿದು ಹಾಕಿ ಮನೆಗೆ ಬಂದವನು ನಾನು. ಆಮೇಲೆ ರುಜುವಿಗಿಂತ ಉದ್ದದ್ದು ಬರೆದವನಲ್ಲ. ನಿನ್ನ ಹಾಸ್ಟೆಲಿಗೆ ಟ್ರಂಕ್ ಕಾಲ್ ಹಾಕಿಸಿದರೆ ಒಬ್ಬಳು ತಮಿಳಿನಲ್ಲಿ "ಇಲ್ಲೈ" ಅಂದು ಇಟ್ಟುಬಿಟ್ಟಳು. ನಿನ್ನಪ್ಪ ರಾಮಾಂಜಿ "ನೀನೇ ಬರಿ ಅಣ್ಣ, ನಾನು ಬರೆದ್ರೆ ಅವಳು ಓದಾಕಿಲ್ಲ" ಅಂತ ಶಿಫ್ಟಿಗೆ ಹೋಗಿಬಿಟ್ಟ. ಅದಕ್ಕೇ ಸುಮಾರು ಹೊತ್ತಿನಿಂದ ಈ ಪೆನ್ನಿನ ಜೊತೆ ಒದ್ದಾಡುತ್ತಿದ್ದೇನೆ.

ವಿಷಯ ಇಷ್ಟು. ಹೊಸೂರಿನ ವೆಂಕಟಸ್ವಾಮಿಯ ಕಂಪ್ಯೂಟರ್ ಸೆಂಟರಿನಲ್ಲಿ ನಮ್ಮ ಪಟ್ಟಿ ಇಟ್ಟಿದ್ದೇವಲ್ಲ, ಆ ಮಷೀನಿಗೆ ಏನೋ ಆಗಿದೆ. ಮೊನ್ನೆ ಹೋಗಿದ್ದೆ. ವೆಂಕಟಸ್ವಾಮಿ ಪಟ್ಟಿ ತೆರೆದು ತೋರಿಸುತ್ತಿದ್ದ. ನೋಡುನೋಡುತ್ತಾ ಒಂದು ಅಕ್ಷರ ಕಳಚಿ ಕೆಳಗೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಹುಣಸೇಮರ ಅಲ್ಲಾಡಿಸಿದ ಹಾಗೆ ಎಲ್ಲವೂ ಉದುರಿ ಗಾಜಿನ ತಳದಲ್ಲಿ ಗುಡ್ಡೆಯಾದವು. ಅವನು ನಕ್ಕ. "ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಯ್ತದೆ ಯಜಮಾನ್ರೇ" ಅಂದ. ಆನ್ ಮಾಡಿದ. ಸರಿಹೋಯಿತು. ನನಗೆ ಸರಿಹೋಗಲಿಲ್ಲ.

ಆ ಪಟ್ಟಿ ಏನು ಅಂತ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಪಟ್ಟಣಕ್ಕೆ ಹೋದವರಿಗೆ ಮರೆವು ಜಾಸ್ತಿ. ಫ್ಯಾಕ್ಟರಿಗೆ ಐದೂರಿನ ಭೂಮಿ ಹೋಯಿತು. ಮನೆಗೊಂದು ಕೆಲಸ ಅಂದರು. ನಾನೂರ ಹನ್ನೆರಡು ಮನೆ. ಅದರಲ್ಲಿ ಅರವತ್ತಮೂರು ಮನೆಗೆ ಪಟ್ಟಾ ಇಲ್ಲ, ತಾತನ ಕಾಲದಿಂದ ಬಾಯಿಮಾತಿನ ಮೇಲೆ ಉತ್ತುಕೊಂಡು ಬಂದವರು. ಐದು ಹಿರಿಯರ ಪಟ್ಟಿ ಒಪ್ಪುತ್ತೇನೆ ಅಂತ ಫ್ಯಾಕ್ಟರಿ ಆಫೀಸರು ಅಂದ. ಆ ಮನೆಗಳಿಗಾಗಿ ನಾವು ಐದು ಜನ ಹಿರಿಯರು ಮುನೇಶ್ವರನ ಮುಂದೆ ನಿಂತು, ಇವರು ಇಂಥ ಹೊಲ ಉತ್ತದ್ದು ನಿಜ ಅಂತ ಆಣೆ ಮಾಡಿದೆವು. ನಮ್ಮ ಐವರಲ್ಲಿ ಒಬ್ಬನಾದ ಮುತ್ತರಾಯಪ್ಪ ನೋಟುಬುಕ್ಕಿನಲ್ಲಿ ಬರೆದ, ಆ ಮನೆಯವರು ಹೆಬ್ಬೆಟ್ಟು ಒತ್ತಿದರು. ಆಮೇಲೆ ಯಾರೋ ನೋಟುಬುಕ್ಕಿನಲ್ಲಿ ಎರಡು ಹೆಸರು ಕೆರೆದು ತಮ್ಮ ಹೆಸರು ಬರೆದುಕೊಂಡರು. ಕತ್ತಿ ಹಿಡಿಯುವ ಮಟ್ಟಕ್ಕೆ ಹೋಯಿತು. ಆಗ ನೀನೇ ಅಂದೆ, "ಮಷೀನಿನಲ್ಲಿ ಹಾಕಿದರೆ ಯಾರೂ ಕೆರೆಯೋಕಾಗಲ್ಲ ದೊಡ್ಡಪ್ಪ" ಅಂತ. ನೀನು ನಾಲ್ಕು ತಿಂಗಳು ಕೂತು ಒಂದೊಂದೇ ಹೆಸರು ಟೈಪು ಹೊಡೆದೆ. ನೋಟುಬುಕ್ಕುಗಳನ್ನು ನಾನು ಐದೂರಿನವರ ಎದುರು ಮುನೇಶ್ವರನ ಮುಂದೆಯೇ ಸುಟ್ಟೆ. ಎರಡು ಪಟ್ಟಿ ಇದ್ದರೆ ಎರಡು ಜಗಳ. ಕಾಗದದ ಮೇಲೆ ಪ್ರಿಂಟು ತೆಗೆಯೋಣ ಅಂತ ನೀನು ಅಂದಾಗ ಬೇಡ ಅಂದವನೂ ನಾನೇ. ಕಾಗದ ಬಂದರೆ ಮತ್ತೆ ಕೆರೆಯುತ್ತಾರೆ.

ಈಗ ಮುತ್ತರಾಯಪ್ಪನೂ ಇಲ್ಲ, ಜೂನ್ ತಿಂಗಳಲ್ಲಿ ಹೋಗಿಬಿಟ್ಟ. ಇರುವುದು ಆ ಮಷೀನು ಒಂದೇ, ಅದೂ ಕಂಡವರ ಅಂಗಡಿಯಲ್ಲಿ. ಅಕ್ಷರ ಉದುರುವುದು ಯಾವ ರೋಗ? ಬೇಗ ಬರಿ.

ನರಸಿಂಹಪ್ಪ


ಕೊಯಮತ್ತೂರು
12-7-1989

ದೊಡ್ಡಪ್ಪನಿಗೆ ವರಲಕ್ಷ್ಮಿಯ ನಮಸ್ಕಾರ.

ನಿಮ್ಮ ಕೈಬರಹ ನೋಡಿ ಮೊದಲು ಹೆದರಿದೆ, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡೆ. ಮುತ್ತರಾಯಪ್ಪ ತಾತ ಹೋದದ್ದು ನಿಮ್ಮ ಕಾಗದದಿಂದಲೇ ತಿಳಿಯಿತು. ನನಗೆ ಯಾರೂ ಹೇಳಲಿಲ್ಲ.

ಅಕ್ಷರ ಉದುರುವುದಕ್ಕೆ ವೈರಸ್ ಅನ್ನುತ್ತಾರೆ. ದನಕ್ಕೆ ಕಾಲುಬಾಯಿ ರೋಗ ಬಂದ ಹಾಗೆ ಎಂದು ತಿಳಿಯಿರಿ. ಯಾರೋ ಬೇಕೆಂದೇ ಬರೆದ ಕೇಡಿನ ಪ್ರೋಗ್ರಾಮು ಅದು. ಒಂದು ಮಷೀನಿನಿಂದ ಇನ್ನೊಂದಕ್ಕೆ ಫ್ಲಾಪಿಯ ಮೂಲಕ ಹತ್ತುತ್ತದೆ. ಹೊರಗಿನ ಯಾರೋ ತಮ್ಮ ಫ್ಲಾಪಿ ತಂದು ಹಾಕಿರಬೇಕು. ಇಲ್ಲಿ ಮಿಲ್ಲಿನ ಕಂಪ್ಯೂಟರ್ ವಿಭಾಗದಲ್ಲೂ ಇದರದೇ ಮಾತು.

ನೀವು ಮಾಡಿಸಬೇಕಾದ್ದು: ಹೊರಗಿನವರ ಫ್ಲಾಪಿಯನ್ನು ಆ ಮಷೀನಿಗೆ ಹಾಕಲು ವೆಂಕಟಸ್ವಾಮಿ ಬಿಡಬಾರದು. ನಮ್ಮ ಪಟ್ಟಿ ತೆರೆಯಲು ನಾನು ಇಟ್ಟಿದ್ದ ಗುಟ್ಟಿನ ಪದವನ್ನು ಬದಲಾಯಿಸಬೇಕು. ಮತ್ತೆ ಅಗತ್ಯವಿಲ್ಲದೆ ಪಟ್ಟಿ ತೆರೆಯಲೇಬಾರದು. ತೆರೆದಷ್ಟೂ ರೋಗ ಹರಡುತ್ತದೆ.

ನಾನು ಮೇ ತಿಂಗಳಲ್ಲಿ ಹೊರಡುವಾಗ ಒಂದು ಕಾಪಿ ತೆಗೆದು ನಿಮ್ಮ ಕೈಗೆ ಕೊಟ್ಟಿದ್ದೆ, ನೆನಪಿದೆಯಾ? ಕಾಗದದ ಕವರಿನಲ್ಲಿರುವ ಕರಿ ಚೌಕ. ಅದನ್ನು ಧೂಳಿಲ್ಲದ ಕಡೆ ಇಡಿ. ದೀಪಾವಳಿಗೆ ನಾನೇ ಬಂದು ಎಲ್ಲ ಸರಿ ಮಾಡುತ್ತೇನೆ. ನೀವು ಯೋಚಿಸಬೇಡಿ.

ನಿಮ್ಮ ಮಗಳು
ವರಲಕ್ಷ್ಮಿ


ಕೆಲಮಂಗಲ
30-7-1989

ವರಲಕ್ಷ್ಮಿ,

ನೀನು ಹೇಳಿದ್ದೆಲ್ಲ ಮಾಡಿದೆ. ವೆಂಕಟಸ್ವಾಮಿಯನ್ನು ನಂಬಿದರೆ ಆಗುವುದಿಲ್ಲ, ಅವನಿಗೆ ಬಂದವರೆಲ್ಲ ಗಿರಾಕಿಗಳೇ. ಅದಕ್ಕೇ ಹತ್ತು ದಿನದಿಂದ ಅವನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನಾನೇ ಕೂತಿದ್ದೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ.

ಒಬ್ಬ ಪ್ಯಾಂಟಿನವನು ಬಂದ. "ಜೇಬು ತೋರ್ಸ್ಲಾ" ಅಂದೆ.

"ನೀನೇನು ಪೊಲೀಸಾ, ತಾತ?"

"ಪೊಲೀಸಾಗಿದ್ರೆ ಏನಾದ್ರೂ ಇಸ್ಕಂಡು ಒಳಗ್ ಬುಡ್ತಿದ್ದೆ. ನಾನು ಬುಡಾಕಿಲ್ಲ ಕಣ್ಲಾ. ತೋರ್ಸು."

ಅಂಗಿಯೊಳಗಿಂದ ಎರಡು ಫ್ಲಾಪಿ ಬಂದವು. ಆಟದ್ದಂತೆ. ಮೀಸೆ ಬಂದ ಗಂಡಸು, ಗಾಜಿನ ಮುಂದೆ ಕೂತು ಆಟ ಆಡಲಿಕ್ಕೆ ಬೆಂಗಳೂರಿನಿಂದ ತಂದಿದ್ದಾನೆ. ಎರಡನ್ನೂ ಕಿತ್ತು ಚರಂಡಿಗೆ ಹಾಕಿದೆ. ಇಂಥ ಒಬ್ಬ ಪೋಲಿಯೇ ನಮ್ಮ ಮಷೀನಿಗೆ ರೋಗ ತಂದದ್ದು. ಅವನು ಯಾರು ಅಂತ ನನಗೆ ಗೊತ್ತಾದರೆ ಕಾಲು ಮುರಿಯುತ್ತೇನೆ, ಹೆಣ್ಣಾಗಲಿ ಗಂಡಾಗಲಿ. ವೆಂಕಟಸ್ವಾಮಿ ಕೈ ಮುಗಿದ. "ಯಜಮಾನ್ರೇ, ನೀವ್ ಇಲ್ ಕುಂತ್ರೆ ನನ್ ಅಂಗ್ಡಿ ಮುಚ್ಕಂಡ್ ಹೋಗ್ಬೇಕಾಯ್ತದೆ." ಮುಚ್ಚು ಅಂದೆ.

ಗುಟ್ಟಿನ ಪದವನ್ನೂ ಬದಲಾಯಿಸಿದೆ. ಸತ್ತ ನಮ್ಮ ಎತ್ತಿನ ಹೆಸರು ಇಟ್ಟಿದ್ದೇನೆ, ಕೆಂದ. ಅದನ್ನು ಹೋದ ಭಾನುವಾರ ಅರಳಿಕಟ್ಟೆಯಲ್ಲಿ ಐದೂರಿನವರನ್ನೂ ಕರೆಸಿ ಹೇಳಿದೆ. ಗೋಪಾಲಪ್ಪ ಗೊತ್ತಲ್ಲ, ಪಕ್ಕದೂರಿನ ಹಿರಿಯ, ನಮ್ಮ ಐದು ಜನರಲ್ಲಿ ಒಬ್ಬ, ಅವನು ಎದ್ದು ನಿಂತು ಅಂದ, "ಗುಟ್ಟು ನಿನ್ ಒಬ್ಬನ್ ತಾವ್ ಇದ್ರೆ ಪಟ್ಟಿ ನಿಂದಾಯ್ತದೆ ನರಸಿಂಹಪ್ಪ. ನಮ್ದಾಗಾಕಿಲ್ಲ." ನ್ಯಾಯವಾದ ಮಾತು. ಕೀಲಿ ಒಬ್ಬನ ಸೊಂಟದಲ್ಲಿದ್ದರೆ ಅನುಮಾನ ಅವನ ಮೇಲೆಯೇ. ಹಾಗಾಗಿ ಎಲ್ಲರಿಗೂ ಕೇಳುವ ಹಾಗೆ ಮೂರು ಸಲ ಕೂಗಿ ಹೇಳಿದೆ. ಈಗ ಯಾರಿಗೂ ಯಾರ ಮೇಲೂ ಅನುಮಾನವಿಲ್ಲ.

ಮುನಿಗಂಗಮ್ಮ ದಿನಾ ಬಂದು ಕೇಳುತ್ತಾಳೆ. ಕೆರೆ ಬದಿಯಲ್ಲಿ ಒಂದೆಕರೆ ರಾಗಿ ಬೆಳೆದುಕೊಂಡಿದ್ದಳಲ್ಲ, ಗಂಡ ಇಲ್ಲದವಳು. ಅವಳ ಹೊಲದ ಮೇಲೆ ಈಗ ಫ್ಯಾಕ್ಟರಿಯ ಗೇಟು ನಿಂತಿದೆ. ಪಟ್ಟಾ ಇಲ್ಲ. ಮಗಳು ಕನಕಳಿಗೆ ಇಪ್ಪತ್ನಾಲ್ಕು ತುಂಬಿದೆ, ಇಪ್ಪತ್ತೈದು ತುಂಬಿದರೆ ಸೇರಿಸಿಕೊಳ್ಳುವುದಿಲ್ಲವಂತೆ. "ಸಾಮಿ, ನನ್ ಎಸ್ರು ಐತಾ?" ಅಂತಾಳೆ. "ಐತೆ ಹೋಗಮ್ಮ, ತಲೆ ತಿನ್ಬೇಡ" ಅಂತ ಬೈದು ಕಳಿಸುತ್ತೇನೆ.

ನರಸಿಂಹಪ್ಪ


ಕೊಯಮತ್ತೂರು
5-8-1989

ದೊಡ್ಡಪ್ಪನಿಗೆ ನಮಸ್ಕಾರ.

ಗುಟ್ಟಿನ ಪದ ಕಟ್ಟೆಯ ಮೇಲೆ ಕೂಗಿ ಹೇಳುವುದಲ್ಲ ದೊಡ್ಡಪ್ಪ. ಅದು ಒಬ್ಬರಿಗೆ ಮಾತ್ರ ಗೊತ್ತಿರಬೇಕು, ಅದಕ್ಕೇ ಅದು ಇರುವುದು. ಇವತ್ತೇ ಹೋಗಿ ಬದಲಾಯಿಸಿ, ಗೋಪಾಲಪ್ಪ ಮಾವನಿಗೂ ಹೇಳಬೇಡಿ.

ಇನ್ನೊಂದು. ನಿಮ್ಮ ಹತ್ತಿರ ಇರುವ ಕಾಪಿಯನ್ನು ಎರಡು ರಟ್ಟುಗಳ ನಡುವೆ ಇಟ್ಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನನಗೆ ಕಳಿಸಿ. ಇಲ್ಲಿ ಒಂದು ಸಲ ನೋಡಬೇಕು. ಸುಮ್ಮನೆ, ನೋಡಲಿಕ್ಕೆ. ದಯವಿಟ್ಟು ಬೇರೆ ಯಾರಿಗೂ ತೆರೆದು ತೋರಿಸಬೇಡಿ, ವೆಂಕಟಸ್ವಾಮಿಗೂ ಕೂಡ. ಬೇಗ ಕಳಿಸಿ.

ವರಲಕ್ಷ್ಮಿ


ಕೆಲಮಂಗಲ
25-8-1989

ವರಲಕ್ಷ್ಮಿ,

ಕಳಿಸುವುದಿಲ್ಲ. ಪೋಸ್ಟಾಫೀಸಿನಲ್ಲಿ ಆ ಸೀಲು ಹೊಡೆಯುವವನ ಕೈ ನೋಡಿದ್ದೀಯಾ? ತೆಂಗಿನಕಾಯಿ ಒಡೆಯುವ ಹಾಗೆ ಹೊಡೆಯುತ್ತಾನೆ. ಅವನ ಕೈಗೆ ನಾನೂರ ಹನ್ನೆರಡು ಮನೆ ಕೊಡಲಾ? ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೇರ ಬರೆ, "ಸುಮ್ಮನೆ ನೋಡಲಿಕ್ಕೆ" ಅನ್ನುವ ನಯ ಬೇಡ. ಕರಿ ಚೌಕ ನನ್ನ ದೇವರ ಮನೆಯಲ್ಲಿ ಇದೆ. ನಿಮ್ಮ ದೊಡ್ಡಮ್ಮ ಗೋವಿಂದಮ್ಮನಿಗೂ ಮುಟ್ಟಲು ಬಿಟ್ಟಿಲ್ಲ.

ಅದೊಂದೇ ಈಗ ಉಳಿದಿರುವುದು. ಮಷೀನು ಹೋಯಿತು.

ಗುಟ್ಟಿನ ಪದ ಬದಲಾಯಿಸಲು ಹೋಗುವ ಹೊತ್ತಿಗೆ ಐದೂರಿನವರು ದಿನಕ್ಕೆ ಹತ್ತು ಜನ ಹೋಗಿ "ಕೆಂದ" ಅಂತ ಹೇಳಿ ತಮ್ಮ ಹೆಸರು ನೋಡಿಕೊಂಡು ಬರುತ್ತಿದ್ದರು, ಸಿನಿಮಾ ನೋಡಿದ ಹಾಗೆ. ವೆಂಕಟಸ್ವಾಮಿ ತೆರೆದು ತೋರಿಸಿದ್ದಾನೆ. ಮನೆಯಲ್ಲಿ ಜ್ವರ ಅಂತ ನಾನು ನಾಲ್ಕು ದಿನ ಹೋಗಿರಲಿಲ್ಲ, ಆಗಲೇ ಇದೆಲ್ಲ ಆದದ್ದು. ಐದನೇ ದಿನ ಹೋದರೆ ಗಾಜು ಕಪ್ಪಗಿದೆ. "ಎಲ್ಲಾ ಅಳ್ಸೋಯ್ತು ಯಜಮಾನ್ರೇ. ನಿಮ್ ಪಟ್ಟೀನೂ ಇಲ್ಲ, ನನ್ ಗಿರಾಕಿಗಳ ಕೆಲ್ಸಾನೂ ಇಲ್ಲ" ಅಂದ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೇ ಹೊಡೆಯಲಿಲ್ಲ.

ನಾನು ಹೆದರಿಲ್ಲ. ನೀನು ಕೊಟ್ಟದ್ದು ಇದೆಯಲ್ಲ. ಫ್ಯಾಕ್ಟರಿ ಆಫೀಸರು ತಾರೀಖು ಹೇಳಿದ್ದಾನೆ, ನವೆಂಬರ್ ಹದಿನೈದಕ್ಕೆ ಪಟ್ಟಿ ಕೊಡಬೇಕು, ಒಂದೇ ಸಲ, ಆಮೇಲೆ ಒಂದು ಹೆಸರೂ ಸೇರಿಸುವುದಿಲ್ಲ. ಮುನಿಗಂಗಮ್ಮನಿಗೆ ಹೇಳಿದೆ, "ಮಷೀನು ಸತ್ರೆ ಸಾಯ್ಲಿ ಬುಡಮ್ಮ, ನಿನ್ ಹೆಸ್ರು ನನ್ ದೇವ್ರ್ ಮನೇಲಿ ಐತೆ." ಅವಳು ಅಲ್ಲೇ ಹೊಸಲಿಗೆ ಕೈ ಮುಗಿದು ಹೋದಳು.

ದೀಪಾವಳಿಗೆ ಬಾ. ಒಟ್ಟಿಗೆ ಹೋಗಿ ಕೊಟ್ಟು ಬರೋಣ.

ನರಸಿಂಹಪ್ಪ


ಕೊಯಮತ್ತೂರು
2-9-1989

ದೊಡ್ಡಪ್ಪ,

ಮಷೀನು ಹೋದ ಮೇಲೂ ನೀವು ಕಾಪಿ ಕಳಿಸುವುದಿಲ್ಲ ಅಂದರೆ ಹೇಗೆ? ಪೋಸ್ಟು ಬೇಡವಾದರೆ ಅಪ್ಪನ ಕೈಯಲ್ಲಿ ಕೊಟ್ಟು ಕಳಿಸಿ, ಒಂದು ದಿನ ರಜ ಹಾಕಲಿ. ಇದು ನಂಬಿಕೆಯ ಮಾತಲ್ಲ. ಕಾಪಿ ಸರಿಯಾಗಿದೆಯೋ ಇಲ್ಲವೋ ನೋಡಿಬಿಡಬೇಕು, ಅಷ್ಟೇ. ಸರಿಯಾಗಿಯೇ ಇರುತ್ತದೆ. ಆದರೂ ನೋಡಬೇಕು.

ವರಲಕ್ಷ್ಮಿ


ಕೊಯಮತ್ತೂರು
27-9-1989

ದೊಡ್ಡಪ್ಪ,

ಉತ್ತರ ಇಲ್ಲ. ನನ್ನ ಮೇಲೆ ಕೋಪವೇ? ಅಪ್ಪನಿಗೆ ಬರೆದರೆ "ಅಣ್ಣ ಕೊಡಾಕಿಲ್ಲ ಅಂತಾನೆ, ನಾನೇನ್ ಮಾಡ್ಲಿ" ಅಂತ ಒಂದು ಕಾರ್ಡು ಬಂತು. ಇನ್ನು ಏಳು ವಾರವಿದೆ. ಏನಾದರೂ ಬರೆಯಿರಿ.

ವರಲಕ್ಷ್ಮಿ


ಕೆಲಮಂಗಲ
16-10-1989

ವರಲಕ್ಷ್ಮಿ,

ಕೆಲಸ ಜಾಸ್ತಿ, ಬರೆಯಲು ಆಗಲಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ಹುರುಳಿ ಬಿತ್ತಿದ್ದೇವೆ. ದೇವರ ಮನೆಯ ಪೆಟ್ಟಿಗೆಯ ಬೀಗದಕೈ ಎಲ್ಲೋ ಬಿದ್ದಿದೆ, ಸಿಕ್ಕಿದ ಮೇಲೆ ಕಾಪಿಯ ವಿಷಯ ನೋಡೋಣ.

ಇಲ್ಲೊಬ್ಬರು ಕೇಳುತ್ತಿದ್ದರು, ನನಗೆ ಗೊತ್ತಿಲ್ಲ ಅಂದೆ, ನಿನ್ನನ್ನು ಕೇಳಿ ಹೇಳುತ್ತೇನೆ ಅಂದೆ. ಅಂಥ ಕರಿ ಚೌಕದ ಮೇಲೆ ಅಕಸ್ಮಾತ್ ಅರಿಶಿನದ ನೀರೋ ಕುಂಕುಮವೋ ಬಿದ್ದರೆ, ಸೀಮೆಎಣ್ಣೆಯಲ್ಲಿ ಒರೆಸಬಹುದಾ? ಇಲ್ಲಾ ಬಿಸಿಲಿಗೆ ಇಟ್ಟರೆ ಸಾಕಾ? ನೀನು ದೀಪಾವಳಿಗೆ ಬರುವುದಕ್ಕೆ ಮುಂಚೆಯೇ ಬರೆದು ತಿಳಿಸು.

ನರಸಿಂಹಪ್ಪ


ಕೊಯಮತ್ತೂರು
1-11-1989

ದೊಡ್ಡಪ್ಪನಿಗೆ ನಮಸ್ಕಾರ.

ದೀಪಾವಳಿಗೆ ರಜ ಸಿಗಲಿಲ್ಲ ಅಂತ ಅಪ್ಪನಿಗೆ ಬರೆದಿದ್ದೆ. ಸುಳ್ಳು. ರಜ ಸಿಕ್ಕಿತ್ತು. ಹೊಸೂರಿನ ಬಸ್ ಸ್ಟ್ಯಾಂಡಿನವರೆಗೂ ಬಂದು ವಾಪಸ್ ಹೋದೆ. ನಿಮ್ಮ ಮುಖ ನೋಡುವ ಧೈರ್ಯ ಬರಲಿಲ್ಲ.

ಸೀಮೆಎಣ್ಣೆಯಲ್ಲಿ ಒರೆಸಬೇಡಿ. ಬಿಸಿಲಿಗೂ ಇಡಬೇಡಿ. ಯಾವುದರಿಂದಲೂ ಹೋಗುವುದಿಲ್ಲ. ನಿಮ್ಮ ಕಾಗದದ ತಾರೀಖು ನೋಡಿದೆ, ಆಯುಧ ಪೂಜೆ ಮುಗಿದು ಒಂದು ವಾರ. ಕೇಳಿದ "ಒಬ್ಬರು" ಯಾರು ಅಂತ ಗೊತ್ತಾಯಿತು.

ನೀವು ನಿಮ್ಮನ್ನು ಬೈದುಕೊಳ್ಳುತ್ತಿರುತ್ತೀರಿ. ಅದಕ್ಕೇ ಇದನ್ನು ಬರೆಯಲೇಬೇಕು. ಆ ಕಾಪಿ ಮೊದಲೇ ಕೆಟ್ಟಿತ್ತು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಸ್ನೇಹಿತೆ ಒಂದು ಆಟದ ಫ್ಲಾಪಿ ಕೊಟ್ಟಿದ್ದಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ವೆಂಕಟಸ್ವಾಮಿಯ ಮಷೀನಿನಲ್ಲಿ ಹಾಕಿ ಆಡುತ್ತಿದ್ದೆ. ನಾಲ್ಕು ತಿಂಗಳು ಬರೀ ಹೆಸರು ಹೊಡೆದು ಹೊಡೆದು ಬೇಜಾರಾಗಿತ್ತು. ಹೊರಡುವ ದಿನ ಕಾಪಿ ತೆಗೆದು ತೆರೆದು ನೋಡಿದೆ. ಇನ್ನೂರು ಹೆಸರು ದಾಟಿದ ಮೇಲೆ ಬರೀ ಗೀಟುಗಳು. ಪಟ್ಟಾ ಇಲ್ಲದ ಅರವತ್ತಮೂರು ಮನೆಗಳು ಕೊನೆಯಲ್ಲಿದ್ದವು. ಮಷೀನಿನಲ್ಲಿ ಇರುವುದು ಸರಿಯಾಗಿದೆ, ಆಮೇಲೆ ಇನ್ನೊಂದು ಕಾಪಿ ತೆಗೆಸಿದರಾಯಿತು ಅಂದುಕೊಂಡೆ. ಮರುದಿನ ಕೆಲಸಕ್ಕೆ ಸೇರಬೇಕಿತ್ತು, ಬಸ್ಸಿಗೆ ಹೊತ್ತಾಗಿತ್ತು. ನಮ್ಮ ಹುಡುಗಿ ಕಂಪ್ಯೂಟರ್ ಕಲಿತಿದ್ದಾಳೆ ಅಂತ ನೀವು ಬಸ್ಸಿನಲ್ಲಿದ್ದವರಿಗೆಲ್ಲ ಹೇಳುತ್ತಿದ್ದಿರಿ. ಆ ಹೊತ್ತಿನಲ್ಲಿ ನಿಮ್ಮ ಕೈಗೆ ಅದನ್ನೇ ಕೊಟ್ಟೆ.

ಹೊರಗಿನವರು ಯಾರೋ ತಂದರು ಅಂತ ಬರೆದದ್ದೂ ನಾನೇ. ನೀವು ಬಾಗಿಲಲ್ಲಿ ಕೂತು ಜೇಬು ಹುಡುಕುತ್ತಿದ್ದೀರಿ ಅಂತ ಓದಿದ ದಿನ ಊಟ ಮಾಡಲಿಲ್ಲ.

ಮನೆ ಮನೆಗೆ ಹೋಗಿ ಮತ್ತೆ ಬರೆಸಿಕೊಂಡರೆ ಆಗುವುದಿಲ್ಲವೇ? ಹಿರಿಯರು ಮತ್ತೆ ಆಣೆ ಮಾಡಿದರೆ?

ವರಲಕ್ಷ್ಮಿ


ಕೆಲಮಂಗಲ
5-11-1989

ವರಲಕ್ಷ್ಮಿ,

ನಿನ್ನ ಕಾಗದ ಎರಡು ಸಲ ಓದಿದೆ. ನಿನ್ನ ತಪ್ಪು ಕೇಳಿ ನನ್ನ ತಪ್ಪು ಹಗುರಾಗಲಿಲ್ಲ. ಹಾಗೆ ಆಗುತ್ತದೆ ಅಂದುಕೊಂಡು ಬರೆದಿದ್ದರೆ ನಿನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ. ಕಾಲು ಮುರಿಯುತ್ತೇನೆ ಅಂದಿದ್ದೆ. ನೀನು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ನನ್ನದನ್ನೂ ಕೇಳು. ಹೋದ ತಿಂಗಳು ಒಂಬತ್ತನೇ ತಾರೀಖು ಆಯುಧ ಪೂಜೆ. ನೇಗಿಲು, ಕುಡುಗೋಲು, ನಿನ್ನಪ್ಪನ ಸ್ಪ್ಯಾನರು, ಎಲ್ಲ ತೊಳೆದು ಸಾಲಾಗಿ ಇಟ್ಟೆ. ಐದೂರಿಗೂ ಈಗ ಇರುವ ಆಯುಧ ಅದೊಂದೇ ಅಂತ ಕರಿ ಚೌಕವನ್ನೂ ನಡುವೆ ಇಟ್ಟೆ. ಅಂಗಿ ಹಾಕಿಸಿ ಯಾರಾದರೂ ಪೂಜೆ ಮಾಡುತ್ತಾರಾ ಅಂತ ಕವರಿನಿಂದ ತೆಗೆದೆ. ನಡುವೆ ಕಿಟಕಿಯ ಹಾಗೆ ಸೀಳಿದೆಯಲ್ಲ, ಒಳಗೆ ಕಂದು ಬಣ್ಣ ಕಾಣುತ್ತದಲ್ಲ, ಅದು ನನಗೆ ಹಣೆಯ ಹಾಗೆ ಕಂಡಿತು. ಅಲ್ಲಿಗೇ ಅರಿಶಿನದ ನೀರು ಚಿಮುಕಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟೆ. ಧೂಳಿಲ್ಲದ ಕಡೆ ಇಡಿ ಅಂದಿದ್ದೆ ನೀನು. ವಿಭೂತಿ ಧೂಳು ಅಂತ ನನಗೆ ಹೊಳೆಯಲೇ ಇಲ್ಲ. ಹನ್ನೆರಡನೇ ತಾರೀಖು ವೆಂಕಟಸ್ವಾಮಿಯ ಹೊಸ ಮಷೀನಿಗೆ ಹಾಕಿದರೆ ಕರಕರ ಅಂತ ಹಲ್ಲು ಕಡಿಯಿತು. ಹೊರಗೆ ತೆಗೆದು ನೋಡಿ ಅವನು ಕೇಳಿದ, "ಯಜಮಾನ್ರೇ, ಇದಕ್ಕೆ ಕುಂಕುಮ ಮಡಗ್ದೋರ್ ಯಾರು?" ನಾನು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಮತ್ತೆ ಬರೆಸಿಕೊಳ್ಳಿ ಅಂತೀಯ. ಬರೆಸಿಕೊಳ್ಳಲು ಕಟ್ಟೆ ಸೇರಿಸಿದೆ. ನಾನೂರ ಹನ್ನೆರಡು ಮನೆ ಒಂದು ಮಧ್ಯಾಹ್ನದಲ್ಲಿ ಆರುನೂರ ಎಂಬತ್ತಾದವು. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುವವರು ಬೇರೆ ಬೇರೆ ಮನೆ ಅಂದರು. ಗೋಪಾಲಪ್ಪ ಅಂದ, "ಆ ಅರವತ್ಮೂರು ಮನೇರ್ದು ನಂಗ್ ಗ್ಯಾಪ್ನ ಇಲ್ಲಪ್ಪ. ಆಣೆ ಮಾಡಿದ್ದು ಮುತ್ತರಾಯಪ್ಪನ್ ಮಾತ್ ಕೇಳ್ಕಂಡು. ಅವ್ನೇ ಹೋಗ್ಬುಟ್ಟ." ಅಣ್ಣನ ಮಗನ ಹೆಸರು ಕೆರೆ ಬದಿಯ ಹೊಲಕ್ಕೆ ಹಾಕಿಸಬೇಕಂತೆ ಅವನಿಗೆ. ಮುನಿಗಂಗಮ್ಮ ಅಲ್ಲೇ ನಿಂತಿದ್ದಳು. ಮಿಕ್ಕ ಹಿರಿಯರು ಇಬ್ಬರೂ ನೆಲ ನೋಡಿಕೊಂಡು ನಮಗೂ ನೆನಪಿಲ್ಲ ಅಂದರು. ಅವತ್ತು ಐದು ಜನ ಒಂದೇ ಮಾತು ಆಡಿದ್ದೆವು. ಇವತ್ತು ಒಬ್ಬ ಸತ್ತಿದ್ದಾನೆ, ಮೂವರು ಇಲ್ಲ ಅಂತಾರೆ, ನಾನೊಬ್ಬ ಕಿರುಚುತ್ತೇನೆ.

ಆಫೀಸರ ಹತ್ತಿರ ಹೋದೆ. ಆ ಮನುಷ್ಯ ಕೆಟ್ಟವನಲ್ಲ, ಕುರ್ಚಿ ಕೊಟ್ಟ. "ಪೆರಿಯವರೇ, ಪಟ್ಟಾ ಇರುಂದಾ ಪೇರು ಇರುಕ್ಕುಂ" ಅಂದ. ಪಟ್ಟಾ ಇದ್ದರೆ ಹೆಸರು, ಇಲ್ಲದಿದ್ದರೆ ಇಲ್ಲ. ಐದು ಹಿರಿಯರ ಪಟ್ಟಿ ಒಪ್ಪುತ್ತೇನೆ ಅಂದಿದ್ದೆಯಲ್ಲ ಅಂದೆ. "ಎಲ್ಲಿ ತನ್ನಿ" ಅಂದ.

ಮುನಿಗಂಗಮ್ಮನಿಗೆ ನಿನ್ನೆ ನಾನೇ ಹೋಗಿ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಎಬ್ಬೆಟ್ಟು ಒತ್ತಿದ್ನಲ್ಲ ಸಾಮಿ, ಆ ಎಬ್ಬೆಟ್ಟು ಎಲ್ಲೋಯ್ತು?" ಅಂದಳು. ಸುಟ್ಟೆ ಅಂದೆ. "ಯಾಕ್ ಸುಟ್ರಿ?" ಅಂದಳು. ಯಾರೂ ಕೆರೆಯಬಾರದು ಅಂತ ಸುಟ್ಟೆ ಅಂದೆ. ಕನಕ ಒಳಗೆ ರಾಗಿ ಬೀಸುತ್ತಿದ್ದಳು, ಬೀಸುಕಲ್ಲು ನಿಲ್ಲಿಸಿ ಕೇಳಿಸಿಕೊಂಡು ಮತ್ತೆ ಬೀಸಿದಳು. ಬರುವ ಚೈತ್ರಕ್ಕೆ ಅವಳಿಗೆ ಇಪ್ಪತ್ತೈದು.

ಈಗ ಅಳುವುದು, ಕ್ಷಮೆ ಕೇಳುವುದು ಬೇಡ, ಇನ್ನೊಂದು ಕಾಗದದಲ್ಲಿ ಅದನ್ನು ಬರೆದರೆ ಒಲೆಗೆ ಹಾಕುತ್ತೇನೆ. ಆ ಅರವತ್ತಮೂರು ಮನೆಯ ಹೆಸರು ಒಂದೊಂದೂ ನಿನ್ನ ಬೆರಳಿನಿಂದ ಹೋಗಿದೆ. ಯಜಮಾನ, ಹೊಲ, ಕೆಲಸಕ್ಕೆ ಹೇಳಿದ ಮಗ ಅಥವಾ ಮಗಳು. ಕೂತು ನೆನಪು ಮಾಡಿಕೋ. ನೆನಪಿದ್ದಷ್ಟು ಬರಿ, ಇಲ್ಲದ್ದನ್ನು ಕಟ್ಟಬೇಡ. ಪಟ್ಟಿ ಹೊಡೆದವಳು ನಾನು, ಕೆಡಿಸಿದವಳೂ ನಾನು ಅಂತ ಕೆಳಗೆ ಬರೆದು ರುಜು ಮಾಡು. ಆಫೀಸರು ಇದನ್ನು ತಳ್ಳಿಹಾಕುತ್ತಾನೆ, ನನಗೆ ಗೊತ್ತು. ತಳ್ಳಿಹಾಕುವುದಕ್ಕಾದರೂ ಅವನ ಮೇಜಿನ ಮೇಲೆ ಒಂದು ಕಾಗದ ಇರಬೇಕು.

ಹದಿನೈದು ಬುಧವಾರ. ಹದಿಮೂರನೇ ತಾರೀಖು ಸೋಮವಾರದ ಟಪ್ಪಾಲಿಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ನರಸಿಂಹಪ್ಪ